ಅಂಧೇರಿಯ ನಾಯಿಗಳ ಉತ್ತರ

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಕೂರಲು ಜಾಗವಿಲ್ಲ ಎಂಬ ಸತ್ಯವನ್ನು ನನಗೆ ಮೊದಲು ತಿಳಿಸಿದ್ದು ಪೊರಕೆ. ಅಂಧೇರಿ ಪೂರ್ವದಲ್ಲಿ, ಮಹಾಕಾಳಿ ಕೇವ್ಸ್ ರೋಡಿನಿಂದ ಒಳಕ್ಕೆ ಹೋಗುವ ಒಂದು ಗಲ್ಲಿಯಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ. ಬೆಳಿಗ್ಗೆ ಒಂಬತ್ತಕ್ಕೆ ಪೊರಕೆ ಬಂದರೆ ಕಾಲು ಎತ್ತಬೇಕು. ಒಂಬತ್ತೂಕಾಲಕ್ಕೆ ಒರೆಸುವ ಬಟ್ಟೆ ಬಂದರೆ ಪೂರ್ತಿ ಎದ್ದುಹೋಗಬೇಕು. ಎಲ್ಲಿಗೆ ಎಂದು ಯಾರೂ ಹೇಳುವುದಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಬೇರೆಯವರ ತಪ್ಪು ಹುಡುಕಿಯೇ ಅನ್ನ ಉಂಡವನು ನಾನು. ಆ ವಿದ್ಯೆಯನ್ನು ಅಡುಗೆಮನೆಯಲ್ಲಿ ಪ್ರಯೋಗಿಸಿ ಸಾಸಿವೆ ಡಬ್ಬಿಗೆ ತಾರೀಕಿನ ಚೀಟಿ ಅಂಟಿಸಿದ ದಿನ ಹೆಂಡತಿ, "ಹೊರಗೆ ಎಲ್ಲಿಯಾದರೂ ಕೆಲಸ ಉಂಟಾ ನೋಡಿ ಮಾರಾಯ್ರೇ" ಎಂದಳು.

ಹಾಗೆ ಹೊರಗೆ ಹೋದವನು ನಾಯಿಗಳ ಹಿಂದೆ ಬಿದ್ದದ್ದಕ್ಕೆ ಕಾರಣ ಅಣ್ಣನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವ ಅವನು ಒಂದು ದಿನ, "ಚಿಕ್ಕಪ್ಪ, ಇದು ನಿಮಗೇ ಹೇಳಿ ಮಾಡಿಸಿದ ಪ್ರಶಸ್ತಿ" ಎಂದು ಇಗ್ ನೊಬೆಲ್ ಬಗ್ಗೆ ಒಂದು ಬರಹ ಕಳಿಸಿದ. ಕುಹಕವೋ ಪ್ರೀತಿಯೋ ಗೊತ್ತಾಗಲಿಲ್ಲ. ಅವನಪ್ಪನ ಮಾತಿನಲ್ಲೂ ಎರಡನ್ನು ಬೇರೆ ಮಾಡಲು ನನಗೆ ಈವರೆಗೆ ಬಂದಿಲ್ಲ.

ಇಗ್ ನೊಬೆಲ್ ಎಂದರೆ ಮಾರ್ಕ್ ಅಬ್ರಹಾಮ್ಸ್ ಎಂಬ ಸಂಪಾದಕರು 1991ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಪ್ರಶಸ್ತಿ. ಕೇಳಿದ ಕೂಡಲೇ ನಗು ಬರಬೇಕು, ನಗು ಮುಗಿದ ಮೇಲೆ ತಲೆಯೊಳಗೆ ಹುಳ ಹೊಗಬೇಕು. ಅಂಥ ಸಂಶೋಧನೆಗೆ ಅದು ಸಲ್ಲುತ್ತದೆ. ಬಹುಮಾನವಾಗಿ 10 ಲಕ್ಷ ಕೋಟಿ ಡಾಲರಿನ ನೋಟು ಕೊಟ್ಟದ್ದೂ ಉಂಟು. ಅಮೆರಿಕದ ಡಾಲರಲ್ಲ, ಜಿಂಬಾಬ್ವೆಯದ್ದು, ಅದೂ ಸತ್ತುಹೋದ ನೋಟು. ಸಮಾರಂಭದಲ್ಲಿ ಸಭಿಕರು ವೇದಿಕೆಗೆ ಕಾಗದದ ವಿಮಾನ ಹಾರಿಸುತ್ತಾರೆ. ಗೆದ್ದವರ ಭಾಷಣ ಉದ್ದವಾದರೆ ಎಂಟು ವರ್ಷದ ಒಬ್ಬ ಹುಡುಗಿ ಬಂದು, ಸಾಕು ನಿಲ್ಲಿಸಿ, ನನಗೆ ಬೋರಾಗುತ್ತಿದೆ ಎಂದು ಹೇಳುತ್ತಲೇ ಇರುತ್ತಾಳೆ, ಅವರು ಇಳಿಯುವವರೆಗೆ. ಮುಂಬಯಿಯ ನಮ್ಮ ಸಂಘಸಂಸ್ಥೆಗಳು ಕಲ್ಪವೃಕ್ಷದ ಕೆಳಗೆ ನಿಂತು ಬೇಡಿಕೊಳ್ಳಬೇಕಾದ ಹುಡುಗಿ ಅವಳು.

ಗೆದ್ದವರ ಪಟ್ಟಿ ಓದುತ್ತಾ ಹೋದಂತೆ ನನ್ನ ಎದೆ ಉಬ್ಬಿತು. ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ. ಎಸ್. ಶ್ರೀಹರಿ ಅವರಿಗೆ 2001ರಲ್ಲಿ ಸಿಕ್ಕಿದೆ. ಯಾತಕ್ಕೆ? ಶಾಲೆಯ 200 ಮಕ್ಕಳನ್ನು ಕೇಳಿ, ಹದಿಹರೆಯದಲ್ಲಿ ಮೂಗಿಗೆ ಬೆರಳು ಹಾಕದವರು ಇಲ್ಲವೆನ್ನುವಷ್ಟು ಕಡಿಮೆ, ನಡುಮಟ್ಟದ ಲೆಕ್ಕ ದಿನಕ್ಕೆ ನಾಲ್ಕು ಸಲ ಎಂದು ಕಂಡುಹಿಡಿದದ್ದಕ್ಕೆ. ಮರುವರ್ಷ ಕೇರಳ ಕೃಷಿ ವಿಶ್ವವಿದ್ಯಾಲಯದ ಕೆ. ಪಿ. ಶ್ರೀಕುಮಾರ್ ಮತ್ತು ಜಿ. ನಿರ್ಮಲನ್ ಅವರಿಗೆ, ಆನೆಯ ಮೈಯ ಒಟ್ಟು ವಿಸ್ತೀರ್ಣ ಲೆಕ್ಕ ಹಾಕುವ ಸೂತ್ರಕ್ಕೆ. ಇನ್ನು ಪ್ರಾಣಿಗಳ ನಡವಳಿಕೆಯ ಕಡೆ ಬಂದರೆ ಹಬ್ಬವೇ ಹಬ್ಬ. ನಾಯಿಯ ಮೇಲಿನ ಚಿಗಟ ಬೆಕ್ಕಿನ ಮೇಲಿನ ಚಿಗಟಕ್ಕಿಂತ ಎತ್ತರಕ್ಕೆ ಹಾರುತ್ತದೆ ಎಂದು ಅಳೆದ ಫ್ರಾನ್ಸಿನವರಿಗೆ 2008ರಲ್ಲಿ. ಹೆಸರಿಟ್ಟು ಕರೆದ ಹಸು ಹೆಸರಿಲ್ಲದ ಹಸುವಿಗಿಂತ ಹೆಚ್ಚು ಹಾಲು ಕೊಡುತ್ತದೆ ಎಂದ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರಿಗೆ 2009ರಲ್ಲಿ. ನಮ್ಮ ಅಜ್ಜಿ ಬ್ರಹ್ಮಾವರದ ಹಟ್ಟಿಯಲ್ಲಿ ಗಂಗೆ, ಗೌರಿ, ಬೆಳ್ಳಿ ಎಂದು ಕೂಗಿ ಕೂಗಿಯೇ ಸತ್ತಳು. ಒಂದು ಪೋಸ್ಟ್ ಕಾರ್ಡ್ ಕೂಡ ಬರಲಿಲ್ಲ.

2012ರ ಪ್ರಶಸ್ತಿ ಫ್ರಾನ್ಸ್ ಡಿ ವಾಲ್ ಮತ್ತು ಜೆನಿಫರ್ ಪೊಕೊರ್ನಿ ಅವರದು. ಚಿಂಪಾಂಜಿಗಳು ತಮ್ಮ ಗುಂಪಿನವರನ್ನು ಬರೀ ಹಿಂಭಾಗದ ಫೋಟೋ ನೋಡಿ ಗುರುತಿಸುತ್ತವೆ ಎಂಬುದು ಅವರ ಶೋಧ. ವಿರಾರ್ ಲೋಕಲಿನಲ್ಲಿ ನಾನು ಇಪ್ಪತ್ತು ವರ್ಷ ಓಡಾಡಿದವ. ಜೊತೆಯಲ್ಲಿ ನಿಂತು ಹೋಗುತ್ತಿದ್ದ ಎಷ್ಟೋ ಮಂದಿಯ ಮುಖ ಇವತ್ತಿಗೂ ನನಗೆ ಗೊತ್ತಿಲ್ಲ, ಬೆನ್ನು ನೋಡಿದರೆ ಸಾಕು, ಗೋರೆಗಾಂವ್‌ನಲ್ಲಿ ಹತ್ತುವವನೋ ಬೋರಿವಲಿಯವನೋ ಹೇಳಬಲ್ಲೆ. ಚಿಂಪಾಂಜಿ ಮಾಡಿದರೆ ವಿಜ್ಞಾನ, ನಾವು ಮಾಡಿದರೆ ಸೀಸನ್ ಟಿಕೆಟು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ 2014ರ ಜೀವಶಾಸ್ತ್ರದ ಬಹುಮಾನ. ಹೈನೆಕ್ ಬುರ್ಡಾ ಮತ್ತು ಸಂಗಡಿಗರು, ಜೆಕ್ ದೇಶದವರು ಮತ್ತು ಜರ್ಮನಿಯವರು ಸೇರಿ, ಎರಡು ವರ್ಷ ನಾಯಿಗಳ ಹಿಂದೆ ದಿಕ್ಸೂಚಿ ಹಿಡಿದು ನಡೆದರು. 37 ತಳಿಯ 70 ನಾಯಿಗಳು. ಮಲ ವಿಸರ್ಜನೆ 1,893 ಬಾರಿ, ಮೂತ್ರ 5,582 ಬಾರಿ, ಪ್ರತಿ ಸಲವೂ ನಾಯಿಯ ಬೆನ್ನು ಯಾವ ದಿಕ್ಕಿಗೆ ನೆಟ್ಟಗಿತ್ತು ಎಂದು ಬರೆದರು. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಉತ್ತರ-ದಕ್ಷಿಣಕ್ಕೆ ಮೈ ಹೊಂದಿಸಿ ಕೂರುತ್ತವೆ, ಕ್ಷೇತ್ರ ಅಲುಗಾಡಿದರೆ ಆ ಶಿಸ್ತು ಇರುವುದಿಲ್ಲ ಎಂದು ತೀರ್ಮಾನಿಸಿದರು.

ನನಗೆ ಮೈ ಜುಮ್ಮೆಂದಿತು. ಏಕೆಂದರೆ ನಮ್ಮ ಅಜ್ಜ, ಆ ಹಟ್ಟಿಯ ಅಜ್ಜಿಯ ಗಂಡ, ಮಡಿವಂತ. ಬಯಲಿಗೆ ಹೋಗುವಾಗ ಜನಿವಾರವನ್ನು ಕಿವಿಗೆ ಸುತ್ತಿಕೊಂಡು, ಹಗಲಾದರೆ ಉತ್ತರಮುಖ, ರಾತ್ರಿಯಾದರೆ ದಕ್ಷಿಣಮುಖ ಎಂದು ನಮಗೆ ಪಾಠ ಹೇಳುತ್ತಿದ್ದ. ಅದು ಮನುಸ್ಮೃತಿಯಲ್ಲೇ ಇರುವ ನಿಯಮ. ಅಂದರೆ ಜೆಕ್ ನಾಯಿಗಳು ಶಾಸ್ತ್ರ ಪಾಲಿಸುತ್ತಿದ್ದವು! ಅಜ್ಜನ ಮೊಮ್ಮಗನಾದ ನಾನೋ, ಬಿಲ್ಡರ್ ತನಗೆ ಪೈಪು ಅನುಕೂಲವಾದ ಕಡೆ ಕೂರಿಸಿದ ಕಮೋಡಿನ ಮೇಲೆ ಮೂವತ್ತು ವರ್ಷ ಪಶ್ಚಿಮಕ್ಕೆ ಮುಖ ಮಾಡಿ ಕಳೆದಿದ್ದೇನೆ. ಭಾರತೀಯ ಬೀದಿನಾಯಿ ಈ ವಿಷಯದಲ್ಲಿ ಯಾವ ಪಕ್ಷ, ಅಜ್ಜನದೋ ಬಿಲ್ಡರನದೋ ಎಂದು ತಿಳಿಯುವುದು ರಾಷ್ಟ್ರಕಾರ್ಯ ಅನ್ನಿಸಿತು.

ನಾಯಿಗೆ ಮೊದಲು ಬೇರೆ ಪ್ರಾಣಿಗಳನ್ನೂ ಯೋಚಿಸಿದ್ದೆ, ಸುಳ್ಳು ಹೇಳಬಾರದು. ಮುಂಬಯಿಯಲ್ಲಿ ಜನರ ಕಣ್ಣು ಸೆಳೆದ ಪ್ರಾಣಿ ಎಂದರೆ ಚಿರತೆ. ವಿದ್ಯಾ ಆತ್ರೇಯ ಅವರ ತಂಡ 2009ರಲ್ಲಿ ಒಂದು ಮುದಿ ಚಿರತೆಗೆ ರೇಡಿಯೋ ಪಟ್ಟಿ ಕಟ್ಟಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರೆ, ಅದು ಹೆದ್ದಾರಿ, ರೈಲು ಹಳಿ, ವಸಾಯಿ ಖಾಡಿ ಎಲ್ಲ ದಾಟಿ ಸುಮಾರು 120 ಕಿಲೋಮೀಟರ್ ನಡೆದು ಬೋರಿವಲಿಯ ಕಾಡಿಗೆ ಬಂತು. ಆಜೋಬಾ ಎಂದು ಅದಕ್ಕೆ ಹೆಸರು, ಮರಾಠಿಯಲ್ಲಿ ಅಜ್ಜ. ಅದರ ಕತೆಯ ಮೇಲೆ 2014ರಲ್ಲಿ ಊರ್ಮಿಳಾ ಮಾತೋಂಡ್ಕರ್ ನಟಿಸಿದ ಸಿನಿಮಾ ಬಂತು. ಸಂಶೋಧನೆ ಮಾಡಿದರೆ ಊರ್ಮಿಳಾ ನಟಿಸುವಂಥದ್ದು ಮಾಡಬೇಕು. ಇದನ್ನು ಮನೆಯಲ್ಲಿ ಹೇಳಿದೆ. ಹೆಂಡತಿ ಬೀನ್ಸ್ ಮುರಿಯುತ್ತಲೇ, "ಹೋಗಿ. ಎಲ್‌ಐಸಿ ಕಾಗದ ಎಲ್ಲಿಟ್ಟಿದ್ದೀರಿ ಅಂತ ಹೇಳಿ ಹೋಗಿ" ಎಂದಳು. 2017ರ ಡಿಸೆಂಬರಿನಲ್ಲಿ ಒಂದು ಚಿರತೆ ತಾನಾಗಿಯೇ ಅಂಧೇರಿ ಪೂರ್ವದ ಶೇರ್-ಎ-ಪಂಜಾಬ್ ಕಾಲೊನಿಯ ಶಿಶುವಿಹಾರಕ್ಕೆ ಬಂದು ಕೂತಿತ್ತು, ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಅದು ನೆನಪಾಗಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಪಾರಿವಾಳವನ್ನೂ ನೋಡಿದ್ದಾಯಿತು. ಜಪಾನಿನ ಶಿಗೆರು ವತನಾಬೆ ಮತ್ತು ಗೆಳೆಯರು ಪಾರಿವಾಳಗಳಿಗೆ ತರಬೇತಿ ಕೊಟ್ಟು, ಇದು ಪಿಕಾಸೊ ಇದು ಮೋನೆ ಎಂದು ಚಿತ್ರ ಬೇರೆ ಮಾಡಲು ಕಲಿಸಿ 1995ರಲ್ಲಿ ಇಗ್ ನೊಬೆಲ್ ಹೊಡೆದಿದ್ದರು. ನಾನು ಕಿಟಕಿಯ ಹೊರಗೆ ಎಸಿ ಪೆಟ್ಟಿಗೆಯ ಮೇಲೆ ಒಂದು ಬ್ಯಾಂಕಿನ ಕ್ಯಾಲೆಂಡರ್, ಒಂದು ಚಿನ್ನದಂಗಡಿಯ ಕ್ಯಾಲೆಂಡರ್ ಇಟ್ಟು ಮೂರು ದಿನ ಕಾದೆ. ಪಾರಿವಾಳಗಳು ಎರಡರ ಮೇಲೂ ಒಂದೇ ಅಭಿಪ್ರಾಯ ಕೊಟ್ಟವು. ತೊಳೆದದ್ದು ನಾನು.

ಹಾಗಾಗಿ ನಾಯಿ.

ನಮ್ಮ ಗಲ್ಲಿಯಲ್ಲಿ ಹನ್ನೊಂದು ನಾಯಿಗಳು. ಕಾಲು, ಲಾಲಿ, ಶೇರು, ರಾಣಿ ಎಂದು ಹೆಸರಿದ್ದದ್ದು ಈ ನಾಲ್ಕಕ್ಕೆ ಮಾತ್ರ. ಉಳಿದವುಗಳನ್ನು ಗುರುತು ಹಿಡಿಯುವುದು ಹೇಗೆ? ಪಾಲಿಕೆಯವರು ಸಂತಾನಹರಣ ಮಾಡಿದ ಗುರುತಿಗೆ ಕಿವಿಯ ತುದಿ ಕತ್ತರಿಸುತ್ತಾರೆ. ನೋಡಿದರೆ ಹೆಚ್ಚುಕಡಿಮೆ ಎಲ್ಲಕ್ಕೂ ಕಿವಿ ಚೂರು ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಕಣಜಗಳ ಸಂಸಾರವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರು ಒಂದೊಂದು ಕಣಜದ ಮೈಗೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡುತ್ತಿದ್ದರು ಎಂದು ಓದಿದ್ದೆ. ಕಣಜಕ್ಕೆ ಇಡಬಹುದಾದರೆ ನಾಯಿಗೆ ಇಡಲು ಏನು ಕಷ್ಟ? ಹೋಳಿಯಿಂದ ಉಳಿದ ಬಣ್ಣದ ಪೊಟ್ಟಣ ಹುಡುಕಿ, ಪಾರ್ಲೆ-ಜಿ ಬಿಸ್ಕೀಟಿನ ಆಸೆ ತೋರಿಸಿ, ಒಂದು ಕಂದು ನಾಯಿಯ ಬೆನ್ನಿಗೆ ಹಸಿರು ಚುಕ್ಕೆ ಇಟ್ಟೆ. ಅದು ಮೈ ಕೊಡವಿತು. ಚುಕ್ಕೆ ನನ್ನ ಬಿಳಿ ಅಂಗಿಗೆ ಬಂತು. ಅಷ್ಟರಲ್ಲಿ ಗಲ್ಲಿಯ ನಾಯಿಗಳಿಗೆ ದಿನವೂ ಅನ್ನ ಹಾಕುವ ಆಂಟಿ ಎರಡನೇ ಮಾಳಿಗೆಯಿಂದ ನೋಡಿದರು. ಮುಂದಿನ ಹತ್ತು ನಿಮಿಷ ಪ್ರಾಣಿಹಿಂಸೆಯ ಕಾನೂನು ಮರಾಠಿ, ಹಿಂದಿ ಎರಡೂ ಭಾಷೆಗಳಲ್ಲಿ ನನಗೆ ಕಂಠಪಾಠವಾಯಿತು.

ಆ ದಿನದಿಂದ ಬಣ್ಣ ಬಿಟ್ಟು ಬರೀ ನೋಟ್‌ಬುಕ್ಕು. ಬೆಳಿಗ್ಗೆ ಐದೂವರೆಗೆ ಏಳುವುದು, ಗೆರೆ ಎಳೆದ ಉದ್ದ ಪುಸ್ತಕ, ನಾಲ್ಕು ಕಾಲಮ್ಮು: ವೇಳೆ, ನಾಯಿ, ಕ್ರಿಯೆ, ದಿಕ್ಕು. ಇನ್‌ಸ್ಪೆಕ್ಷನ್‌ಗೆ ಹೊರಟ ಹಳೆಯ ಹುಮ್ಮಸ್ಸು.

ಮೊದಲ ತೊಂದರೆ ದಿಕ್ಸೂಚಿಯದು. ಫೋನಿನಲ್ಲಿರುವ ದಿಕ್ಸೂಚಿ ಆಗಾಗ ದಾರಿ ತಪ್ಪುತ್ತದೆ. ಆಗ ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಹಾಗೆ ಸುತ್ತಿಸಿ ಅದನ್ನು ಸರಿದಾರಿಗೆ ತರಬೇಕು. ಪಕ್ಕದಲ್ಲಿ ಕಬ್ಬಿಣವಿದ್ದರೆ ಮತ್ತೆ ತಪ್ಪುತ್ತದೆ. ಅಂಧೇರಿಯಲ್ಲಿ ಕಬ್ಬಿಣವಿಲ್ಲದ ಜಾಗ ಎಲ್ಲಿ? ಗಲ್ಲಿಯ ಎರಡೂ ಕಡೆ ರಿಕ್ಷಾ, ಗೇಟು, ನೀರಿನ ಪೈಪು. ಮರೋಳ್ ನಾಕಾದಲ್ಲಂತೂ ತಲೆ ಮೇಲೊಂದು ಮೆಟ್ರೋ, ಕಾಲ ಕೆಳಗೊಂದು ಮೆಟ್ರೋ. ಅಲ್ಲಿ ನನ್ನ ಫೋನು ಎರಡು ನಿಮಿಷದಲ್ಲಿ ಮೂರು ಬಗೆಯ ಉತ್ತರ ತೋರಿಸಿತು.

ಎರಡನೆಯದು ನಾಯಿಗಳದು. ಜೆಕ್ ದೇಶದ ನಾಯಿಗೆ ಮನುಷ್ಯ ಬಗ್ಗಿದರೆ ಮನುಷ್ಯ ಬಗ್ಗಿದ, ಅಷ್ಟೆ. ನಮ್ಮ ದೇಶದ ನಾಯಿಗೆ ಮನುಷ್ಯ ಬಗ್ಗಿದ ಎಂದರೆ ಕಲ್ಲು ಹೆಕ್ಕಿದ ಎಂದೇ ಅರ್ಥ. ನಾನು ದಿಕ್ಕು ನೋಡಲು ಸೊಂಟ ಬಗ್ಗಿಸಿದರೆ ಸಾಕು, ಅವು ಅರ್ಧಕ್ಕೇ ಎದ್ದು ಓಡುತ್ತಿದ್ದವು. ಅರ್ಧ ಕ್ರಿಯೆಯನ್ನು ಯಾವ ಕಾಲಮ್ಮಿಗೆ ಬರೆಯುವುದು? ಬ್ಯಾಂಕಿನಲ್ಲಾದರೆ ಸಸ್ಪೆನ್ಸ್ ಖಾತೆ ಇತ್ತು.

ಮೂರನೆಯದು ಕಾಂತಕ್ಷೇತ್ರದ್ದು. ಹಗಲಿನಲ್ಲಿ ಅದು ಪೂರ್ಣ ಶಾಂತವಾಗಿರುವುದು ನೂರಕ್ಕೆ ಸುಮಾರು 20ರಷ್ಟು ವೇಳೆ ಮಾತ್ರ ಎಂದು ಆ ಪ್ರಬಂಧವೇ ಹೇಳುತ್ತದೆ. ಅದೇ ಹೊತ್ತಿಗೆ ನಾಯಿಗೂ ಬರಬೇಕು, ನಾನೂ ಅಲ್ಲಿರಬೇಕು, ರಿಕ್ಷಾ ಇರಬಾರದು. ನಮ್ಮ ಮದುವೆಗೆ ಮುಹೂರ್ತ ಇಟ್ಟ ಜೋಯಿಸರಿಗೂ ಇಷ್ಟು ಕೂಡಿಸುವ ಕಷ್ಟ ಬಂದಿರಲಿಲ್ಲ.

ಹದಿನೈದು ದಿನ ಆದ ಮೇಲೆ ಲೆಕ್ಕ ಹಾಕಿದೆ. ನಾಯಿಗಳು ಅಚ್ಚುಕಟ್ಟಾಗಿ ಪೂರ್ವ-ಪಶ್ಚಿಮಕ್ಕೆ ಕೂರುತ್ತಿದ್ದವು. ಹೃದಯ ಬಾಯಿಗೆ ಬಂತು, ಹೊಸ ಶೋಧ! ಆಮೇಲೆ ನೋಡಿದರೆ ನಮ್ಮ ಗಲ್ಲಿಯೇ ಪೂರ್ವ-ಪಶ್ಚಿಮ. ಸಾಲಾಗಿ ನಿಂತ ಎರಡು ರಿಕ್ಷಾಗಳ ನಡುವೆ ನಾಯಿ ಬೇರೆ ಹೇಗೆ ಕೂರಬೇಕು? ಆ ಯುರೋಪಿನವರು ನಾಯಿಗಳನ್ನು ಹಗ್ಗ ಬಿಚ್ಚಿ, ಗೋಡೆ, ರಸ್ತೆ ಇಲ್ಲದ ಬಯಲಿನಲ್ಲಿ ನೋಡಿದ್ದರು ಎಂಬ ವಾಕ್ಯವನ್ನು ನಾನು ಓದಿಯೂ ಓದದೆ ಹೋಗಿದ್ದೆ. ಬೇರೆಯವರ ವರದಿಯಲ್ಲಿ ಇಂಥದ್ದು ಕಂಡಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದವ ನಾನು.

ಅಂಧೇರಿಯಲ್ಲಿ ಬಯಲು ಹುಡುಕುವುದು ಇನ್ನೊಂದು ಪುರಾಣ. ಗಿಲ್ಬರ್ಟ್ ಹಿಲ್ ನೆನಪಾಯಿತು. ಸುಮಾರು 200 ಅಡಿ ಎತ್ತರದ ಒಂಟಿ ಕರಿಬಂಡೆ, 6.6 ಕೋಟಿ ವರ್ಷ ಹಳೆಯದು, ನೆತ್ತಿಯ ಮೇಲೆ ಗಾಂವದೇವಿ ಗುಡಿ. ಏದುಸಿರು ಬಿಡುತ್ತ ಹತ್ತಿದೆ. ನಾಯಿ ಒಂದಿತ್ತು, ಮಲಗಿತ್ತು. ಒಂದು ಗಂಟೆ ಕಾದೆ. ಅದು ಒಮ್ಮೆ ಕಣ್ಣು ತೆರೆದು, ಇಂಥ ಹೊಟ್ಟೆ ಹೊತ್ತು ಮೇಲೆ ಬಂದವನು ನೀನೊಬ್ಬನೇ ಎಂಬಂತೆ ನೋಡಿ, ಮತ್ತೆ ಮಲಗಿತು. ಪ್ರಸಾದ ತೆಗೆದುಕೊಂಡು ಇಳಿದೆ.

ಕೊನೆಗೆ ಉಳಿದದ್ದು ವರ್ಸೋವಾ ಕಡಲತೀರ. ಮೊದಲ ಮೆಟ್ರೋ ಹಿಡಿದು, ಅಲ್ಲಿಂದ ರಿಕ್ಷಾ ಮಾಡಿ, ನಸುಕಿನಲ್ಲಿ ಮರಳಿಗೆ ಕಾಲಿಟ್ಟೆ. ಗೋಡೆಯಿಲ್ಲ, ಕಬ್ಬಿಣವಿಲ್ಲ, ನಾಯಿಗಳು ಧಾರಾಳ. ಕೈಯಲ್ಲಿ ಉದ್ದ ಪುಸ್ತಕ, ಕಿವಿಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಫೋನು ಮುಂದೆ ಚಾಚಿ ನಾನು ನಡೆಯುತ್ತಿದ್ದರೆ, ಕತ್ತಲಲ್ಲಿ ಅಲ್ಲಲ್ಲಿ ಕುಳಿತಿದ್ದ ಆಕಾರಗಳು ದಡಬಡಿಸಿ ಎದ್ದು ಓಡಿದವು. ನಾಯಿಗಳಲ್ಲ. ಮನುಷ್ಯರು. ಮಹಾರಾಷ್ಟ್ರದಲ್ಲಿ ಬಯಲಿಗೆ ಹೋಗುವವರನ್ನು ಬೆಳಗಿನ ಜಾವ ಹಿಡಿದು ದಂಡ ಹಾಕಲು "ಗುಡ್ ಮಾರ್ನಿಂಗ್ ಪಥಕ್" ಎಂದು ತಂಡ ಕಟ್ಟಿದ್ದರು. ಅವರ ಪ್ರಕಾರ ನಾನು ಅದರ ಮುಖಂಡ. ಮುದುಕರೊಬ್ಬರಿಗೆ ಓಡಲಾಗಲಿಲ್ಲ. ಕೂತಲ್ಲಿಂದಲೇ ಕೈಮುಗಿದು, "ಸಾಹೇಬ್, ಮನೆಯಲ್ಲಿ ಹದಿನಾಲ್ಕು ಜನ, ಸಂಡಾಸು ಇಲ್ಲ" ಎಂದರು. ಈ ಜನ್ಮದಲ್ಲಿ ನನಗೆ ಅಷ್ಟು ನಾಚಿಕೆ ಬೇರೆ ಯಾವಾಗಲೂ ಆಗಿಲ್ಲ. ನಾನು ನಿಮ್ಮನ್ನು ನೋಡಲು ಬಂದವನಲ್ಲ, ನಾಯಿಗಳು ಹೋಗುವುದನ್ನು ನೋಡಲು ಬಂದವ ಎಂದು ನನ್ನ ಬ್ಯಾಂಕ್ ಹಿಂದಿಯಲ್ಲಿ ವಿವರಿಸಿದೆ. ಮುದುಕರ ಮುಖದಲ್ಲಿ ಭಯ ಹೋಗಿ ಕನಿಕರ ಬಂತು.

ಸ್ವಲ್ಪ ಆಚೆ ದೋಣಿಯ ಪಕ್ಕ ಬಲೆ ಬಿಡಿಸುತ್ತಿದ್ದ ಕೋಳಿ ಸಮುದಾಯದ ಮೀನುಗಾರರೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು, "ಕಾಕಾ, ಉತ್ತರ ಬೇಕಾದರೆ ಮಡ್ ದ್ವೀಪದ ಕಡೆಗೆ ನೋಡಿ, ಅದಕ್ಕೆ ನಾಯಿ ಯಾಕೆ?" ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು: "ನಾಯಿ ನೀರಿಗೆ ಅಡ್ಡಲಾಗಿ ಕೂರುತ್ತದೆ. ಅಲೆಗೆ ಮುಖ ಕೊಟ್ಟರೆ ಮೂಗಿಗೆ ನೀರು, ಬೆನ್ನು ಕೊಟ್ಟರೆ ಬಾಲಕ್ಕೆ." ದಡ ಇರುವುದೇ ಉತ್ತರ-ದಕ್ಷಿಣಕ್ಕೆ. ಅಲ್ಲಿ ನಾಯಿಯೂ, ದೋಣಿಯೂ, ವಾಕಿಂಗ್ ಬಂದ ನಿವೃತ್ತರೂ ಎಲ್ಲ ಉತ್ತರ-ದಕ್ಷಿಣವೇ. ಗಲ್ಲಿಯಲ್ಲಿ ರಿಕ್ಷಾ ಕೆಡಿಸಿದ ಲೆಕ್ಕವನ್ನು ಇಲ್ಲಿ ಅರಬ್ಬಿ ಸಮುದ್ರ ಕೆಡಿಸಿತು.

ಛಲ ಬಿಡಲಿಲ್ಲ, ವಿಷಯ ಸ್ವಲ್ಪ ಬದಲಿಸಿದೆ. ಐಸರ್ ಕೋಲ್ಕತ್ತ ಎಂಬ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ಮೇಲೆ ಮಾಡಿದ ಒಂದು ಪ್ರಯೋಗ 2020ರಲ್ಲಿ ದೇಶವಿದೇಶದ ಪತ್ರಿಕೆಗಳಲ್ಲಿ ಬಂದಿತ್ತು. ಗದಗಕರ್ ಅವರ ಶಿಷ್ಯೆ ಅವರು. ಮುಚ್ಚಿದ ಎರಡು ಬಟ್ಟಲಿಟ್ಟು ಒಂದರ ಕಡೆ ಬೆರಳು ತೋರಿಸಿದರೆ, ಯಾರೂ ಏನೂ ಕಲಿಸದ ಬೀದಿನಾಯಿಗೂ ಅದು ಅರ್ಥವಾಗುತ್ತದೆಯೇ? ಸುಮಾರು ಅರ್ಧ ನಾಯಿಗಳು ಬಟ್ಟಲಿನ ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ನೂರಕ್ಕೆ ಸುಮಾರು 80 ಬೆರಳು ತೋರಿಸಿದ ಕಡೆಗೇ ಹೋದವು. ಕೇಳಲು ಸುಲಭ. ನಾನೂ ಎರಡು ಸ್ಟೀಲ್ ಬಟ್ಟಲು ಇಟ್ಟೆ. ಒಂದರಲ್ಲಿ ಕೋಳಿ ತುಂಡು. ನಮ್ಮ ಮನೆಗೆ ಕೋಳಿ ಬರುವಂತಿಲ್ಲ, ಹಾಗಾಗಿ ಅದನ್ನು ವಾಚ್‌ಮನ್‌ನಿಂದ ತರಿಸಿದ್ದು. ಶೇರು ಬಂದ. ಬೆರಳು ತೋರಿಸಿದೆ. ಶೇರು ಬೆರಳು ನೋಡಿದ, ಬಟ್ಟಲು ನೋಡಿದ, ನನ್ನನ್ನು ನೋಡಿದ, ಮತ್ತು ಅಂಗಳದ ಮೂಲೆಗೆ ಹೋಗಿ ಕುಳಿತ. ಕೋಳಿ ತಿಂದದ್ದು ಕಾಗೆ. ಬಟ್ಟಲು ಒಯ್ದದ್ದು ಯಾರೋ ಗೊತ್ತಿಲ್ಲ. ಅದು ಮದುವೆಗೆ ಬಂದ ಉಡುಗೊರೆ, ಅಡಿಯಲ್ಲಿ ನನ್ನ ಮಾವನ ಹೆಸರು ಕೊರೆಸಿತ್ತು ಎಂದು ಆಮೇಲೆ ಗೊತ್ತಾಯಿತು.

ಮತ್ತೆ ದಿಕ್ಕಿಗೇ ಮರಳಿದೆ. ಒಂದು ಗುರುವಾರ ಬೆಳಿಗ್ಗೆ ರಾಣಿ ಕಸದ ಡಬ್ಬಿಯ ಆಚೆ, ರಿಕ್ಷಾ ಇಲ್ಲದ, ಗೋಡೆ ಇಲ್ಲದ, ಬಂಗಾರದಂಥ ಜಾಗದಲ್ಲಿ ಕೂತಳು. ಎರಡು ತಿಂಗಳಲ್ಲಿ ಅಂಥ ಅವಕಾಶ ಬಂದಿರಲಿಲ್ಲ. ಮೆಲ್ಲಗೆ ಹಿಂದೆ ಹೋಗಿ ಮೊಣಕಾಲೂರಿದೆ. ಬಗ್ಗಿದರೆ ತಾನೇ ಕಲ್ಲಿನ ಭಯ? ಫೋನು ತೆಗೆದರೆ ದಿಕ್ಸೂಚಿ ಕೆಟ್ಟಿದೆ. ಎಂಟು ಸುತ್ತಿಸಿದೆ. ಸರಿಯಾಗಲಿಲ್ಲ. ಇನ್ನಷ್ಟು ದೊಡ್ಡ ಎಂಟು ಸುತ್ತಿಸಿದೆ. ರಾಣಿಯ ಮರಿಗಳು ಕಸದ ಡಬ್ಬಿಯ ಹಿಂದೆಯೇ ಇದ್ದವು ಎಂಬುದು ನನಗೆ ಗೊತ್ತಿರಲಿಲ್ಲ.

ಪಾಲಿಕೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಒಳ್ಳೆಯವರು.

"ಎಲ್ಲಿ ಕಚ್ಚಿತು?"

"ಅಂಧೇರಿ ಪೂರ್ವ."

"ಮೈಯಲ್ಲಿ ಎಲ್ಲಿ, ಅಂಕಲ್?"

ಓಡಲು ತಿರುಗಿದ್ದೆನಾದ್ದರಿಂದ, ಡಿ ವಾಲ್ ಅವರ ಚಿಂಪಾಂಜಿಗಳು ನನ್ನನ್ನು ಇನ್ನು ಮುಂದೆ ಬಹಳ ಸುಲಭವಾಗಿ ಗುರುತಿಸಬಲ್ಲ ಜಾಗದಲ್ಲಿ. "ಕಚ್ಚುವಾಗ ನಾಯಿ ಈಶಾನ್ಯಕ್ಕೆ ಮುಖ ಮಾಡಿತ್ತು" ಎಂದೂ ಹೇಳಿದೆ, ಅಂಕಿಅಂಶ ವ್ಯರ್ಥವಾಗಬಾರದಲ್ಲ. ಅವರು ಒಂದು ಕ್ಷಣ ಪೆನ್ನು ನಿಲ್ಲಿಸಿ, ನಾಯಿಗೆ ಹುಚ್ಚು ಇತ್ತೇ ಎಂದು ಕೇಳಿದರು. ಪ್ರಶ್ನೆ ನಾಯಿಯ ಬಗ್ಗೆಯೇ ಇತ್ತು, ಕಣ್ಣು ಮಾತ್ರ ನನ್ನ ಮೇಲಿತ್ತು. ಸೂಜಿಯ ತಾರೀಕುಗಳನ್ನು ಬರೆದ ಚೀಟಿ ಹಿಡಿದು, ರಿಕ್ಷಾದಲ್ಲಿ ಒಂದೇ ಮಗ್ಗುಲಿಗೆ ಕೂತು ಮನೆಗೆ ಬಂದೆ.

ನಾನು ಮನೆ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಮೂರನೇ ಮಾಳಿಗೆಯ ಹುಡುಗನೊಬ್ಬ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದ. ಹೊಳೆಯುವ ಫೋನು ಹಿಡಿದು, ಮೊಣಕಾಲೂರಿ, ನಾಯಿಯ ಹಿಂದೆ ಕೈ ಸುತ್ತಿಸುವ ಬೊಕ್ಕತಲೆಯ ಮನುಷ್ಯ. ಮೇಲಿನಿಂದ ನೋಡಿದರೆ ಸಾಕ್ಷಾತ್ ಆರತಿ. "ಅಂಧೇರಿಯಲ್ಲಿ ನಾಯಿಗೆ ಆರತಿ ಎತ್ತುವ ಕಾಕಾ" ಎಂದು ಕೆಳಗೆ ಬರೆದಿದ್ದ. ನಂತರ ಕಚ್ಚಿದ್ದು. ಸೊಸೈಟಿಯ ಗ್ರೂಪಿನಿಂದ ಗಲ್ಲಿಯ ಗ್ರೂಪಿಗೆ, ಅಲ್ಲಿಂದ ಘಾಟ್‌ಕೋಪರ್, ಠಾಣೆ, ಮಧ್ಯಾಹ್ನಕ್ಕೆ ದುಬೈಯ ನನ್ನ ಭಾವ, ಸಂಜೆಗೆ ಬ್ರಹ್ಮಾವರದ ಅಣ್ಣ. "ಏನೋ ಇದು? ಆರತಿ ಎತ್ತುವುದಾದರೆ ಎದುರಿನಿಂದ ಎತ್ತಬೇಕಲ್ಲವೋ" ಎಂದ ಅಣ್ಣ. ಕುಹಕವೋ ಪ್ರೀತಿಯೋ.

ಗುರುವಾರ ಬೇರೆ, ದತ್ತನ ವಾರ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳಿರುತ್ತವೆ ಎಂಬುದು ಮಹಾರಾಷ್ಟ್ರದಲ್ಲಿ ಎಲ್ಲರಿಗೂ ಗೊತ್ತು, ಖಂಡೋಬನ ಜೊತೆಗೂ ನಾಯಿ. ಹಾಗಾಗಿ ನಕ್ಕವರು ಅರ್ಧ, ಕೈಮುಗಿದವರು ಅರ್ಧ. ಮರುದಿನ ಜೆ. ಬಿ. ನಗರದಿಂದ ಒಬ್ಬ ಮಹಿಳೆ ತಮ್ಮ ಪೊಮರೇನಿಯನ್ನನ್ನು ಎತ್ತಿಕೊಂಡು ಬಂದು, ನಾಲ್ಕು ದಿನದಿಂದ ಉಣ್ಣುತ್ತಿಲ್ಲ, ತಲೆ ಮೇಲೆ ಕೈಯಿಡಿ ಎಂದರು. ಕೈಯಿಟ್ಟೆ. ಅದು ಸಂಜೆ ಉಂಡಿತಂತೆ. ಅದರ ಮರುದಿನ ಇಬ್ಬರು ಬಂದರು.

ಇಷ್ಟಾದ ಮೇಲೆ ನಮ್ಮ ಕಡೆಯ ಒಂದು ಸಂಘದ ಅಧ್ಯಕ್ಷರು ಫೋನ್ ಮಾಡಿದರು. ಪ್ರಾಣಿಗಳ ನಡವಳಿಕೆಯ ಮೇಲೆ ಕನ್ನಡಿಗರೊಬ್ಬರು ಸಂಶೋಧನೆ ಮಾಡಿ ಇಷ್ಟು ಜನರ ಗಮನ ಸೆಳೆದದ್ದು ಹೆಮ್ಮೆಯ ವಿಷಯ, ವಾರ್ಷಿಕೋತ್ಸವದಲ್ಲಿ ಸನ್ಮಾನ ಇಟ್ಟುಕೊಂಡಿದ್ದೇವೆ, ಸಪತ್ನೀಕರಾಗಿ ಬರಬೇಕು ಎಂದರು. ಸಂಶೋಧನೆಯ ಫಲ ಏನು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹದಿನಾಲ್ಕು ಪುಟದ ಭಾಷಣ ಬರೆದೆ. ಸಗಣಿ ಹುಳ ಆಕಾಶಗಂಗೆ ನೋಡಿ ದಾರಿ ಹಿಡಿಯುತ್ತದೆ ಎಂದು ತೋರಿಸಲು ಅದರ ತಲೆಗೆ ಟೊಪ್ಪಿ ಹಾಕಿದ ಮರೀ ಡಾಕೆ ಅವರಿಂದ ಶುರು ಮಾಡಿ, 1973ರಲ್ಲಿ ನಿಜವಾದ ನೊಬೆಲ್ಲನ್ನೇ ಪಡೆದ ಲೊರೆನ್ಸ್, ಟಿನ್‌ಬರ್ಗನ್, ಫಾನ್ ಫ್ರಿಶ್ ಮೂವರ ತನಕ ಎಲ್ಲ ಅದರಲ್ಲಿತ್ತು. ಬಾತುಮರಿಗಳ ಹಿಂದೆ, ಜೇನಿನ ಹಿಂದೆ ಜೀವಮಾನ ಕಳೆದವರು ಅವರು. ನನ್ನ ಹೆಸರು ಅವರ ನಂತರ, ಒಂದೇ ಪ್ಯಾರಾದಲ್ಲಿ.

ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಕ್ಷಗಾನದ ವೇಷ ಕಟ್ಟಿಕೊಂಡ ಬಾಲಕನೊಬ್ಬ ಜೋರಾಗಿ ಆಕಳಿಸಿದ. ಆ ಅಮೆರಿಕದ ಹುಡುಗಿಯ ಕೆಲಸವನ್ನು ಕಿರೀಟದ ಸಮೇತ ಅವನೇ ಮುಗಿಸಿದ. ನಿರೂಪಕಿ ಚಪ್ಪಾಳೆ ತಟ್ಟಿಸಿ, "ಈಗ ಅವರ ಬಾಳಸಂಗಾತಿಯವರು ಎರಡು ಮಾತಾಡಬೇಕು" ಎಂದು ಮೈಕನ್ನು ಆ ಕಡೆ ಹಿಡಿದರು. ಇವಳು ವೇದಿಕೆಯಲ್ಲಿ ಮಾತಾಡಿದವಳೇ ಅಲ್ಲ. ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ವ್ಯಾನಿಟಿ ಬ್ಯಾಗ್ ತೆರೆದು, ಮಡಚಿದ ಎರಡು ಹಾಳೆ ತೆಗೆದಳು. ಕಾಲನಿರ್ಣಯ ಕ್ಯಾಲೆಂಡರಿನ ಹಾಳೆಗಳು, ಹಾಲಿನ ಲೆಕ್ಕ ಬರೆಯುವಂಥವು.

"ಇವರು ಎರಡು ತಿಂಗಳು ನಾಯಿಗಳ ಲೆಕ್ಕ ಬರೆದರು. ನಾನು ಇವರ ಲೆಕ್ಕ ಬರೆದೆ" ಎಂದಳು. "ಹಾಲು ತರಲು ಮರೆತದ್ದು, 19 ದಿನ. ಎರಡು ಕಾಲಿಗೆ ಎರಡು ಜಾತಿಯ ಚಪ್ಪಲಿ ಹಾಕಿ ಹೋದದ್ದು, 4 ಸಲ. 'ಈ ಮನೆಯಲ್ಲಿ ನನಗೆ ಬೆಲೆ ಇಲ್ಲ' ಎಂದದ್ದು, 27. ಊಟಕ್ಕೆ ಕೂತಾಗ ಮಲದ ವಿಷಯ ತೆಗೆದದ್ದು, 58. ಸಿಟ್ಟಿನಲ್ಲಿದ್ದಾಗ 'ನೀವು ಹೇಳುವುದೂ ಸರಿ' ಎಂದರೆ ಕೂಡಲೇ ತಣ್ಣಗಾದದ್ದು, 11ಕ್ಕೆ 11." ಸಭೆಯಲ್ಲಿ ಹೆಂಗಸರ ಕಡೆಯಿಂದ ಮೊದಲು ಒಂದು ನಗು, ಆಮೇಲೆ ಹತ್ತು. ಅವಳು ಹಾಳೆ ತಿರುಗಿಸಿದಳು. "ದಿಕ್ಕಿನ ವಿಷಯ. ಪೇಪರ್ ಓದಲಿ, ಫೋನ್ ನೋಡಲಿ, ಸುಮ್ಮನೆ ಕೂರಲಿ, ಮುಖ ಯಾವಾಗಲೂ ಅಡುಗೆಮನೆ ಕಡೆಗೆ. ಮಳೆ ಬಂದರೂ ಬಿಸಿಲು ಬಂದರೂ ಅದು ಬದಲಾಗಲಿಲ್ಲ."

ಮುಂದಿನದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಕೇಳಿಸುವ ಹಾಗೂ ಇರಲಿಲ್ಲ. ಮೊದಲ ಸಾಲಿನ ಹೆಂಗಸರು ಎದ್ದು ನಿಂತಿದ್ದರು. ಒಬ್ಬರು ತಮ್ಮ ಮನೆಯ ಅಂಕಿಗಳನ್ನು ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಅಧ್ಯಕ್ಷರು ಕಣ್ಣೊರೆಸಿಕೊಂಡು, ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಮುಖ್ಯ ಅತಿಥಿಗಳಿಗೆಂದು ತಂದಿದ್ದ ಶಾಲನ್ನು ಅವಳಿಗೆ ಹೊದಿಸಿದರು. ಸ್ಮರಣಿಕೆಯ ಫಲಕ ಒಂದೇ ಇತ್ತು. ಅಕ್ಷರಕ್ಕೆ ಇಷ್ಟು ಎಂದು ದುಡ್ಡಾಗುವುದರಿಂದ ಅದರ ಮೇಲೆ ಹೆಸರು ಕೊರೆಸಿರಲಿಲ್ಲ, "ಪ್ರಾಣಿ ನಡವಳಿಕೆಯ ಸಂಶೋಧನೆಗಾಗಿ" ಎಂದಷ್ಟೇ ಇತ್ತು. ಅದನ್ನೂ ಅವಳ ಕೈಗೇ ಕೊಟ್ಟರು. ಫೋಟೋದಲ್ಲಿ ನಾನೂ ಇದ್ದೇನೆ, ಹಣ್ಣಿನ ಬುಟ್ಟಿ ಹಿಡಿದುಕೊಂಡು.

ಈಗ ಫಲಕ ಟಿವಿಯ ಪಕ್ಕದಲ್ಲಿದೆ. ಬೆಳಿಗ್ಗೆ ಹಾಲು ತರುವುದು ನಾನೇ. ಗೇಟಿನ ಬಳಿ ರಾಣಿ ನನ್ನನ್ನು ಕಂಡರೆ ಎದ್ದು ಪಕ್ಕಕ್ಕೆ ಹೋಗುತ್ತಾಳೆ, ನಾನೂ ಹೋಗುತ್ತೇನೆ. ಈ ತಿಂಗಳು ಕಾಲನಿರ್ಣಯದ ಹಾಳೆ ತಿರುವಿದಾಗ ಹಾಲಿನ ಲೆಕ್ಕದ ಕೆಳಗೆ ಸಣ್ಣದಾಗಿ ಹೊಸ ಗುರುತುಗಳು ಕಂಡವು. ಕೆಲವು ದಿನ ಒಂದು ಗೆರೆ, ಕೆಲವು ದಿನ ಮೂರು. ಏನಿದು ಎಂದು ಕೇಳಿದೆ.

"ಹೇಳಿದರೆ ನೀವು ಜಾಗ್ರತೆ ಆಗ್ತೀರಿ, ಲೆಕ್ಕ ಹಾಳಾಗ್ತದೆ" ಎಂದಳು.

ನಾನು ಚಹಾ ಕುಡಿದೆ. ಲೋಟವನ್ನು ತೊಳೆದಿಟ್ಟೆ. ಅವಳು ಪೆನ್ನು ಹುಡುಕುತ್ತಿದ್ದಳು.